ಸುಗ್ರಾಬಿಯ ಕೆಂಪು ನೀರು

ದಾವಣಗೆರೆಯ ಮಿಲ್ಲಿನ ಓಣಿಯ ದವಾಖಾನೆಗೆ ಡಾಕ್ಟರು ಏಕಾಂತಪ್ಪನವರಾದರೂ ದರಬಾರೆಲ್ಲ ನರ್ಸ್ ಸುಗ್ರಾಬಿಯದೇ. ಹರಿಹರದ ಹೊಳೆನೀರು ಕುಡಿದು ಬೆಳೆದ ಹೆಂಗಸು. ಅವಳು ಗದರಿದರೆ ಅರ್ಧ ಜ್ವರ ಅಲ್ಲೇ ಇಳಿಯುತ್ತಿತ್ತು. ಬಾಗಿಲಲ್ಲಿ ಒಂದು ಮಣ್ಣಿನ ಕೊಡ, ಅದರ ತುಂಬ ಪರ್ಮಾಂಗನೇಟ್ ಬೆರೆಸಿದ ಕೆಂಪು ನೀರು. ಆ ನೀರಿನಿಂದ ಮೂರು ಸಲ ಬಾಯಿ ಮುಕ್ಕಳಿಸದೆ ಯಾರೂ ಒಳಗೆ ಕಾಲಿಡುವಂತಿರಲಿಲ್ಲ. ಎಲೆಯಡಿಕೆ ಮೆತ್ತಿದ ಬಾಯಿ ಕಂಡರೆ ಅವಳಿಗೆ ಮೈಯೆಲ್ಲ ಉರಿ. ಹನ್ನೊಂದು ವರ್ಷ ಬೈದು ಬೈದು ಇಡೀ ಓಣಿಗೆ ಈ ಪಾಠ ಕಲಿಸಿದ್ದಳು.

ಐವತ್ತೇಳರ ಮಳೆಗಾಲದಲ್ಲಿ ಹೊಸ ಫ್ಲೂ ಜ್ವರ ಬಂತು. ಮಿಲ್ಲಿನ ಹದಿನೆಂಟು ಮಂದಿ ಹಾಸಿಗೆ ಹಿಡಿದರು. ಡಾಕ್ಟರು ಅವರಲ್ಲಿ ಆರು ಜನರ ಗಂಟಲಿಗೆ ಹತ್ತಿ ಸುತ್ತಿದ ಕಡ್ಡಿ ಆಡಿಸಿ, ಕಡ್ಡಿಗಳನ್ನು ಶೀಶೆಯಲ್ಲಿಟ್ಟು, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಬೆಂಗಳೂರಿನ ಪ್ರಯೋಗಶಾಲೆಗೆ ಕಳಿಸಿದರು. ಆರರಲ್ಲೂ ವೈರಸ್ ಸಿಕ್ಕಿಲ್ಲವೆಂದು ಉತ್ತರ ಬಂತು.

ಮಿಲ್ಲಿನ ಮ್ಯಾನೇಜರಿಗೆ ಅಷ್ಟೇ ಸಾಕಾಯಿತು. "ಇವರದೆಲ್ಲ ಕಳ್ಳ ಜ್ವರ. ತಿಂಗಳ ಕೊನೆಗೆ ಹಾಜರಿ ಪುಸ್ತಕದಿಂದ ಹದಿನೆಂಟು ಹೆಸರೂ ಹೊಡೆದು ಹಾಕ್ತೀನಿ" ಎಂದು ಪಟ್ಟಿ ಬರೆಸಿದರು.

ಆ ಆರರಲ್ಲಿ ಒಬ್ಬ ಮಗ್ಗದ ಬಕ್ಕೇಶಪ್ಪ. ಅವನ ಹೆಂಡತಿ ತಿಮ್ಮವ್ವ ದವಾಖಾನೆಗೆ ಬಂದು ಅತ್ತಳು. "ಅಕ್ಕಾರ, ಮೂರು ದಿನ ನಮ್ಮನಿಯವ್ರು ನನ್ನ ಗುರುತೇ ಹಿಡೀಲಿಲ್ಲ. ಅದು ಸುಳ್ಳೇನ್ರಿ?"

"ಮಂಜುಗಡ್ಡೆ ಕರಗಿರಬೇಕು" ಎಂದರು ಡಾಕ್ಟರು.

"ಇಲ್ಲ ಸಾರ್. ಮರದ ಹೊಟ್ಟು ತುಂಬಿ ನಾನೇ ಕಟ್ಟಿದ್ದೆ" ಎಂದಳು ಸುಗ್ರಾಬಿ.

"ತಡ ಆಗಿರಬೇಕು. ಮೊದಲ ಎರಡು ದಿನದಾಗ ತೆಗೀಬೇಕು."

"ಎರಡನೇ ದಿನಾನೇ ತೆಗೆದಿದ್ದು." ಸುಗ್ರಾಬಿ ತಿಮ್ಮವ್ವನ ಕಡೆ ತಿರುಗಿದಳು. "ಅವತ್ತು ನಿಮ್ಮನಿಯವ್ರು ಏನು ತಿಂದು ಬಂದಿದ್ರು?"

"ಏನೂ ಇಲ್ಲ. ಕೆಂಪು ನೀರಾಗ ಗಂಟಲು ತೊಳೆದೇ ಒಳಗೆ ಬಂದ್ರು. ನಿಮಗೆ ಹೆದರಿ ನಾಕನೇ ಸಲಾನೂ ಮುಕ್ಕಳಿಸಿದ್ರು."

ಸುಗ್ರಾಬಿ ಬಾಗಿಲಲ್ಲಿದ್ದ ಕೊಡದ ಕಡೆ ತಿರುಗಿ ನೋಡಿದಳು. ರೋಗದ ಕ್ರಿಮಿ ಸಾಯಲೆಂದೇ ಇಟ್ಟಿದ್ದ ನೀರು ಅದು. ಕಡ್ಡಿಗೆ ಸಿಗಬೇಕಾದದ್ದನ್ನು ಅವಳೇ ಬಾಗಿಲಲ್ಲಿ ನಿಂತು ತೊಳೆಸಿ ಕಳಿಸಿದ್ದಳು.

ಆದರೆ ತಲೆ ಮೇಲೆ ಕೈ ಹೊತ್ತು ಕೂರುವ ಜಾಯಮಾನ ಅವಳದಲ್ಲ. ಕೊಡ ಎತ್ತಿ ಬೀದಿಗೆ ಚೆಲ್ಲಿದಳು. "ಹೊಸದಾಗಿ ಜ್ವರ ಬಂದೋರು ಬಾಯಿ ತೊಳೀಬ್ಯಾಡ್ರಿ! ನಾನೇ ಬರ್ತೀನಿ" ಎಂದು ಓಣಿಯೆಲ್ಲ ಸಾರಿದಳು. ಸುಗ್ರಾಬಿಗೇ ಜ್ವರ ತಲೆಗೇರಿದೆ ಎಂದು ಜನ ನಕ್ಕರು. ಅವಳು ಬೆಳಕು ಹರಿಯುವ ಮೊದಲೇ ಐದು ಮನೆ ಹೊಕ್ಕು, ಹಲ್ಲುಜ್ಜದ ಬಾಯಿಗಳಲ್ಲಿ ಕಣ್ಣೀರು ಬರುವಷ್ಟು ಆಳಕ್ಕೆ ಕಡ್ಡಿ ಆಡಿಸಿ ತಂದಳು.

ಶೀಶೆಗಳನ್ನು ಕಳಿಸುವ ಬೆಳಿಗ್ಗೆ ಅವಳಿಗೇ ಜ್ವರ ಬಂತು. ನಮಾಜಿಗೆ ಎದ್ದವಳು ಗಂಟಲು ಕೆರೆಯುತ್ತದೆಂದು ಅಭ್ಯಾಸಬಲದಿಂದ ಕೆಂಪು ನೀರು ಕದಡಿ ಮುಕ್ಕಳಿಸಿಬಿಟ್ಟಿದ್ದಳು. ಉಗುಳಿದ ಮೇಲೇ ನೆನಪಾದದ್ದು.

"ನಿಮ್ಮದು ಬ್ಯಾಡ ಬಿಡ್ರಿ, ಹಾಳಾಗೈತೆ" ಎಂದರು ಡಾಕ್ಟರು.

"ಹಾಳಾಗೈತೆ ಅಂತಾನೇ ಕಳಿಸ್ರಿ ಸಾರ್" ಎಂದು ಬಾಯಿ ತೆರೆದಳು.

ತಿಂಗಳ ಕೊನೆಗೆ ಎರಡು ದಿನ ಇರುವಾಗ ಉತ್ತರ ಬಂತು. ಓಣಿಯ ಐವರಲ್ಲಿ ನಾಲ್ವರ ಕಡ್ಡಿಯಲ್ಲಿ ವೈರಸ್ ಸಿಕ್ಕಿತ್ತು, ಸುಗ್ರಾಬಿಯದರಲ್ಲಿ ಇರಲಿಲ್ಲ. ಅವಳು ಆ ಕಾಗದ ಹಿಡಿದು, ತಿಮ್ಮವ್ವನನ್ನು ಕರೆದುಕೊಂಡು ನೇರ ಮಿಲ್ಲಿನ ಆಫೀಸಿಗೆ ನಡೆದಳು.

"ಹೆಸರು ಹೊಡೀರಿ ಸಾಹೇಬ್ರೆ, ಮೊದಲು ನಂದು ಹೊಡೀರಿ. ಮೂರು ದಿನ ನನ್ನ ಹಣೆಗೆ ಒದ್ದೆ ಬಟ್ಟೆ ಹಾಕಿದಾಕಿ ಈ ತಿಮ್ಮವ್ವ. ಕಾಗದದಾಗ ನೋಡಿದ್ರ ನನಗೆ ಜ್ವರಾನೇ ಬಂದಿಲ್ಲ! ಸಿಗಲಿಲ್ಲ ಅಂದ್ರ ಇಲ್ಲ ಅಂತಲ್ಲ. ಬಾಯಿ ತೊಳೀದ ಐದು ಮಂದ್ಯಾಗ ನಾಕು ಮಂದೀದು ಸಿಕ್ಕೈತೆ. ನಾನು ಕೆಂಪು ನೀರಾಗ ಗಂಟಲು ತೊಳೆದೆ, ಅದಕ್ಕೆ ಸಿಗಲಿಲ್ಲ. ಅವತ್ತಿನ ಆರು ಜನಾನೂ ತೊಳೆದಿದ್ರು, ನನ್ನ ಮಾತು ಕೇಳಿ. ತಪ್ಪು ನಂದು, ಅವರದಲ್ಲ."

ಮ್ಯಾನೇಜರು ಕಾಗದವನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು. ಆ ಕೊಡದ ರುಚಿ ಅವರಿಗೂ ಗೊತ್ತಿತ್ತು. ಹಲ್ಲುನೋವೆಂದು ಬಂದಾಗ ಸುಗ್ರಾಬಿ ಅವರನ್ನೂ ಬಿಟ್ಟಿರಲಿಲ್ಲ. ಮೇಜಿನ ಡ್ರಾಯರಿನಿಂದ ಪಟ್ಟಿ ತೆಗೆದು ಹರಿದು ಹಾಕಿದರು.

ಹೊರಗೆ ಬಂದಾಗ ತಿಮ್ಮವ್ವ ಅವಳ ಕೈ ಹಿಡಿದುಕೊಂಡಳು. "ಅಕ್ಕಾರ, ನೀವು ತಪ್ಪು ನಂದು ಅಂದಿದ್ದು ಇದೇ ಮೊದಲು."

"ಹದಿನೆಂಟು ಮನಿ ಒಲೆ ಹತ್ತುತಾವೆ ಅಂದ್ರ ಇನ್ನೂ ನಾಕು ಸಲ ಅಂತೀನಿ" ಎಂದಳು ಸುಗ್ರಾಬಿ. "ಅದಿರ್ಲಿ, ಎಲೆಯಡಿಕೆ ಉಗುಳು ಮೊದಲು. ಏನು ಬಾಯಿ ಅದು!"