ಮಯಿಲ್‌ಸಾಮಿಯ ಗಟ್ಟಿಮೇಳ

ತಮಿಳುನಾಡಿನ ಕಾರಮಡೈಯ ಮಯಿಲ್‌ಸಾಮಿಗೆ ಯಾವ ವಸ್ತುವನ್ನೂ ತಟ್ಟದೆ ನೋಡಲು ಬರುವುದಿಲ್ಲ. ಬೀದಿಯಲ್ಲಿ ಹೋಗುವಾಗ ಎಡಗಿವಿಯನ್ನು ಮುಂದೆ ಮಾಡಿ, ತಲೆಯನ್ನು ತುಸು ವಾಲಿಸಿ, ಕಂಡವರ ಗೇಟು, ನೀರಿನ ಡ್ರಮ್ಮು, ನಿಂತ ಲಾರಿಯ ಬಾಗಿಲು, ಅಂಗಡಿಯ ಹಲಸಿನಹಣ್ಣು, ಎಲ್ಲದಕ್ಕೂ ಬೆರಳ ಗೆಣ್ಣಿನಿಂದ ಒಂದೊಂದು ಕೊಟ್ಟು, ಅವು ಹೇಳಿದ್ದನ್ನು ಕೇಳಿಸಿಕೊಂಡು, ‘ಹೂಂ’ ಎಂದು ಒಪ್ಪಿ ಮುಂದೆ ಸಾಗುತ್ತಾನೆ. ಒಮ್ಮೆ ಬ್ಯಾಂಕಿನ ಸಾಲಿನಲ್ಲಿ ಮುಂದೆ ನಿಂತವರ ಬೋಳುತಲೆಯ ಕಡೆಗೆ ಅವನ ಕೈ ಏಳುತ್ತಿದ್ದುದನ್ನು ಕಂಡು ನಾನೇ ಹಿಡಿದು ಇಳಿಸಿದ್ದೇನೆ.

ಹಗಲು ಸೀರೆ ವ್ಯಾಪಾರ, ಸಂಜೆ ಮದುವೆ ಮಂಟಪಗಳಲ್ಲಿ ಕೀಬೋರ್ಡು. ಕೊರಳಿನ ರುದ್ರಾಕ್ಷಿಯ ದಾರದಲ್ಲೇ ಒಂದು ಪೆನ್‌ಡ್ರೈವ್ ಜೋತಾಡುತ್ತಿರುತ್ತದೆ. ಸ್ನಾನಕ್ಕೆ ಹೋಗುವಾಗ ರುದ್ರಾಕ್ಷಿ ಮೈಮೇಲಿರುತ್ತದೆ, ಪೆನ್‌ಡ್ರೈವ್ ದೇವರ ಮುಂದಿರುತ್ತದೆ. ಹಿಂದೆ ಅವನ ಹಳೆಯ ಕೀಬೋರ್ಡು ಸತ್ತಾಗ, ಅದೊಂದೇ ಓದಬಲ್ಲ ಫ್ಲಾಪಿಗಳಲ್ಲಿ ಅವನು ಕಟ್ಟಿದ್ದ ರಾಗಗಳೆಲ್ಲ ಸಿಕ್ಕಿಬಿದ್ದು ಅಲ್ಲೇ ಕೊಳೆತವು. ಅಂದಿನಿಂದ ಯಾವುದನ್ನು ಕೊಳ್ಳಲು ಹೋದರೂ ಅವನದು ಒಂದೇ ಪ್ರಶ್ನೆ: “ನಾಳೆ ತೆರೆಯುತ್ತಾ?” ಕೊಡೆ ಅಂಗಡಿಯವನನ್ನು ಕೇಳಿದರೆ ಅರ್ಥವುಂಟು, ಬಾಳೆಹಣ್ಣಿನ ಗಾಡಿಯವಳನ್ನೂ ಕೇಳಿ ಬೈಸಿಕೊಂಡಿದ್ದಾನೆ.

ಅವನ ಮಗಳು ಇಂದುಜಾ ಹುಟ್ಟಿದ ದಿನ ನಾಗಸ್ವರದ ಜೊತೆ ತವಿಲು ಡೋಲು ಬಾರಿಸುವ ವಿದ್ವಾಂಸ ಸೆಲ್ಲಪ್ಪನ್, “ಇವಳ ತಾಳಿಗೆ ಗಟ್ಟಿಮೇಳ ನಂದೇ” ಎಂದು ಮಾತು ಕೊಟ್ಟಿದ್ದರು. ಆದರೆ ಹುಡುಗಿ ಬೆಳೆಯುವಷ್ಟರಲ್ಲಿ ಅವರ ಬಲಗೈ ಮಣಿಕಟ್ಟು ಸೋಲತೊಡಗಿತು. ಈ ಕೈ ಆಡುವುದು ಇನ್ನು ಸ್ವಲ್ಪ ದಿನ ಅಷ್ಟೇ ಎಂದು ವೈದ್ಯರು ಹೇಳಿದಾಗ ಮಯಿಲ್‌ಸಾಮಿ ಅವರನ್ನು ಮನೆಗೆ ಕರೆತಂದು, ಒಂದೊಂದು ಪೆಟ್ಟನ್ನೂ ಮೆಲ್ಲಗೆ, ನಡುವಾಗಿ, ಗಟ್ಟಿಯಾಗಿ ಹೊಡೆಸಿ, ಕೊನೆಗೆ ತವಿಲಿಗೆ ಟವೆಲು ಕಟ್ಟಿ ಮಂದವಾಗಿಯೂ ಹೊಡೆಸಿ ಕಂಪ್ಯೂಟರಿನಲ್ಲಿ ಧ್ವನಿ ಹಿಡಿದ. ತಿಂಗಳೊಳಗೆ ಆ ಕೈ ಮರಗಟ್ಟಿತು. ಆ ಸದ್ದು ಇನ್ನು ಉಳಿದದ್ದು ಮಯಿಲ್‌ಸಾಮಿಯ ಹತ್ತಿರ ಮಾತ್ರ.

ಸ್ಯಾಂಪ್ಲರ್ ಎಂಬುದು ಕಂಪ್ಯೂಟರಿನೊಳಗೆ ಕೂತ ವಾದ್ಯಗಾರ. ಕೀ ಮೆಲ್ಲಗೆ ಒತ್ತಿದರೆ ಮೆಲ್ಲನೆಯ ಪೆಟ್ಟನ್ನೂ ಜೋರಾಗಿ ಒತ್ತಿದರೆ ಗಟ್ಟಿ ಪೆಟ್ಟನ್ನೂ ಆರಿಸಿ ನುಡಿಸುತ್ತಾನೆ. ಆದರೆ ಪೆಟ್ಟುಗಳನ್ನು ಅವನ ಕೈಗೆ ಯಾವ ರೂಪದಲ್ಲಿ ಕೊಡುವುದು? ಈ ಒಂದು ಪ್ರಶ್ನೆಗೆ ಮಯಿಲ್‌ಸಾಮಿ ಎಂಟು ತಿಂಗಳು ತೆಗೆದುಕೊಂಡ. ಒಂದು ಬೀಗದ ಜಾತಿ. ತೆರೆಯ ಮೇಲೆ ವಾದ್ಯದ ಚಿತ್ರ, ತಿರುಗಿಸುವ ಗುಂಡಿಗಳು, ಎಲ್ಲ ಚೆಂದ. ಆದರೆ ಕಂಪ್ಯೂಟರ್ ಬದಲಾದಾಗೆಲ್ಲ ಕಂಪನಿಯ ಅಪ್ಪಣೆ ಬೇಕು. ಇನ್ನೊಂದು ಎಸ್‌ಎಫ್‌೨ ಎಂಬ ಹಳೆಯದು, ಗಂಟಿನ ಜಾತಿ. ಎಲ್ಲವೂ ಒಂದೇ ಮೂಟೆ, ಒಳಗಿನದು ಹೊರಗಿನವರಿಗೆ ಕಾಣದು. ಮತ್ತೊಂದು ಎಸ್‌ಎಫ್‌ಝಡ್. ಇದು ಬಯಲು ಜಾತಿ, ಪ್ರತಿ ಪೆಟ್ಟೂ ಬೇರೆ ಫೈಲಾಗಿ ಫೋಲ್ಡರಿನಲ್ಲಿ ಹರವಿಕೊಂಡಿರುತ್ತದೆ, ಎಷ್ಟು ಜೋರಿಗೆ ಯಾವ ಫೈಲು ಎಂದು ಹೇಳುವ ಸಾದಾ ಬರಹವೊಂದು ಜೊತೆಗಿರುತ್ತದೆ.

“ಮಗಳಿಗೆ ಗಂಡು ಮಾಪಿಳ್ಳೆನ ನೋಡೋದನ್ನ ಒಂದು ಬಜ್ಜಿ ತಿನ್ನೋದ್ರೊಳಗೆ ಮುಗಿಸಿಬಿಟ್ರು,” ಎಂದು ಅವನ ಹೆಂಡತಿ ಅಂಗಮ್ಮ ನನ್ನಲ್ಲಿ ದೂರಿದಳು. “ಈ ಸನಿಯನ್ ಪೆಟ್ಟಿಗೆಗೆ ಜಾತಕ ನೋಡ್ತಾ ಕೂತವ್ರೆ, ಕೇಳೀಂಗ ಅಣ್ಣಾ!”

ಅವನು ಬಯಲು ಜಾತಿಯನ್ನೇ ಆರಿಸಿದ. “ಕಣ್ಣಿಗೆ ಕಾಣ್ಬೇಕಣ್ಣಾ. ನಾಳೆ ನಾನು ಸತ್ರೂ ಯಾರೋ ತೆರೆದು ಓದ್ಕೊಳ್ತಾರೆ.” ಫೈಲುಗಳಿಗೆ ಇಂಗ್ಲಿಷಿನ ಹೆಸರಿಡಲು ಒಪ್ಪದೆ ಮನೆಮಾತಾದ ಕನ್ನಡದಲ್ಲೇ ಇಟ್ಟ, ಕನ್ನಡ ಅಕ್ಷರ ಬಾರದ್ದರಿಂದ ತಮಿಳು ಅಕ್ಷರದಲ್ಲಿ ಬರೆದ. ನಾನು ಹಳೆಯ ಕ್ಯಾಲೆಂಡರು ನೋಡಿ ನೋಡಿ ಯಾರ ಹಂಗೂ ಇಲ್ಲದೆ ಕಲಿತ ಕನ್ನಡ ಅಕ್ಷರವನ್ನು ಅವನಿಗೆ ಹೇಳಿಕೊಡುತ್ತೇನೆಂದೆ. “ಬಾಯಿಗೆ ಬರುತ್ತಲ್ಲಣ್ಣಾ, ಸಾಕು,” ಎಂದುಬಿಟ್ಟ. ಪೆಟ್ಟುಗಳೆಲ್ಲ ಬೇರೆ ಬೇರೆಯಾಗಿ ಭದ್ರವಾದವೆಂದು ಮೂಲದ ಉದ್ದನೆಯ ಧ್ವನಿಯನ್ನು ಅಳಿಸಿಯೂ ಹಾಕಿದ.

ಜೋರಿನ ಪೆಟ್ಟನ್ನು ಮಾತ್ರ ಅವನು ನುಡಿಸಿ ನೋಡಲಿಲ್ಲ. ತಾಳಿಯಿಲ್ಲದೆ ಗಟ್ಟಿಮೇಳ ಬಾರಿಸಕೂಡದೆಂದು ಸೆಲ್ಲಪ್ಪನ್ ಕಟ್ಟುನಿಟ್ಟಾಗಿ ಹೇಳಿದ್ದರು.

ಮುಹೂರ್ತ ಬಂತು. ಮಂಟಪದ ನಾಗಸ್ವರದವರಿಗೆ, “ತಾಳಿಗೆ ನೀವು ಬೇಡ, ಅದು ನಮ್ಮ ಸೆಲ್ಲಪ್ಪನ್ ಅಣ್ಣನ ಪಾಲು,” ಎಂದಿದ್ದ. ಅವರು ಸಂತೋಷವಾಗಿ ಪೊಂಗಲು ತಿನ್ನಲು ಹೋದರು. ಸೆಲ್ಲಪ್ಪನ್ ಮುಂದಿನ ಸಾಲಿನಲ್ಲಿ, ಏಳುವ ಕೈಯನ್ನು ಏಳದ ಕೈಯ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿ ಕೂತರು. ಗಂಡು ತಾಳಿ ಎತ್ತಿದ. ಪುರೋಹಿತರು “ಗಟ್ಟಿಮೇಳಂ!” ಎಂದರು. ಮಯಿಲ್‌ಸಾಮಿ ಹತ್ತು ಬೆರಳನ್ನೂ ಕೀಬೋರ್ಡಿಗೆ ಇಳಿಸಿದ.

ತೊಪ್. ತೊಪ್. ತೊಪ್.

ಮಂಟಪದಲ್ಲಿ ಯಾರೋ ಹಾಸಿಗೆಯ ಧೂಳು ಕೊಡವುತ್ತಿದ್ದ ಹಾಗಿತ್ತು. ಅವನು ಇನ್ನೂ ಜೋರಾಗಿ ಗುದ್ದಿದ. ಅದು ಇನ್ನೂ ಹಾಸಿಗೆಯೇ ಆಯಿತು. ಕೆಟ್ಟ ಸದ್ದೊಂದೂ ಕಿವಿಗೆ ಬೀಳದಿರಲೆಂದೇ ಆ ಗಳಿಗೆಯಲ್ಲಿ ಮೇಳ ಮೊಳಗಿಸುವುದು. ಮೇಳವಿಲ್ಲದ ಆ ಗಳಿಗೆಯಲ್ಲಿ ಗಂಡಿನ ಸೋದರಮಾವ ಶಣ್ಮುಗಂ ಇಡೀ ಮಂಟಪ ಕೇಳುವಂತೆ ಸೀನಿದರು. ಗಂಡಿನ ಕೈ ಅರ್ಧಕ್ಕೆ ನಿಂತಿತು.

“ಏನುಂಗ ಅದು!” ಎಂದು ಅಂಗಮ್ಮ ಕಿರುಚಿದಳು. ಸೆಲ್ಲಪ್ಪನ್ ಕಣ್ಣು ಬಿಟ್ಟರು.

“ಲೇ ಮಯಿಲು! ನನ್ನ ಕೈ ಎಲ್ಲೋ?”

ಮಯಿಲ್‌ಸಾಮಿ ಕೀಬೋರ್ಡು ಬಿಟ್ಟು ಮೈಕನ್ನು ಕಿತ್ತು ಬಾಯಿಗಿಟ್ಟುಕೊಂಡ. “ತಾಂ ತಕಿಟ ತಾಂ ತಕಿಟ ತರಿಕಿಟ ತಾಂ!” ಎಂದು ಕೊರಳ ನರ ಉಬ್ಬುವಂತೆ ಕೂಗತೊಡಗಿದ. ಒಂದು ಆವರ್ತ ಕೇಳುವಷ್ಟರಲ್ಲಿ ಸೆಲ್ಲಪ್ಪನ್‌ಗೆ ತಡೆಯಲಾಗಲಿಲ್ಲ, “ತಪ್ಪು ಹೇಳ್ತೀಯೋ, ಆ ಕಡೆ ಸರಿ!” ಎಂದು ಹತ್ತಿ ಬಂದು ತಾವೂ ಬಾಯಿ ಸೇರಿಸಿದರು. ಮುದುಕಿ ಕುಪ್ಪಮ್ಮ ನಾಲಗೆ ಹೊರಳಿಸಿ ಉಲಿಯುತ್ತ ಕುಲವೆ ಹಾಕಿದಳು. ಆ ಗದ್ದಲದಲ್ಲಿ ತಾಳಿ ಹುಡುಗಿಯ ಕೊರಳಿಗೆ ಬಿತ್ತು. ಶಣ್ಮುಗಂ ಮತ್ತೆ ಸೀನಿದರೋ ಇಲ್ಲವೋ, ದೇವರಿಗೂ ಕೇಳಿಸಿರಲಾರದು.

ಊಟವಾದ ಮೇಲೆ ಸೆಲ್ಲಪ್ಪನ್, ಮಯಿಲ್‌ಸಾಮಿ, ನಾನು ಮೂವರೂ ಕಂಪ್ಯೂಟರಿನ ಮುಂದೆ ಕೂತೆವು.

“ಗಟ್ಟಿ ಪೆಟ್ಟು ಯಾವುದಪ್ಪಾ?” ಎಂದೆ. ಒಂದು ಹೆಸರು ತೋರಿಸಿದ.

“ಟವೆಲು ಕಟ್ಟಿ ಹೊಡೆದದ್ದು?” ಅದನ್ನೇ ತೋರಿಸಿದ. ತೋರಿಸಿದ ಬೆರಳು ಅಲ್ಲೇ ನಿಂತಿತು.

ತಮಿಳಿನಲ್ಲಿ ಗಕಾರಕ್ಕೂ ಕಕಾರಕ್ಕೂ ಒಂದೇ ಅಕ್ಷರ. ‘ಗಟ್ಟಿ’ ಎಂದು ಬರೆದು ಒಂದನ್ನು ಇಟ್ಟಿದ್ದ. ‘ಕಟ್ಟಿ’ ಎಂದು ಬರೆದು ಇನ್ನೊಂದನ್ನು ಅದರ ತಲೆಯ ಮೇಲೇ ಇಟ್ಟಿದ್ದ; ಮೊದಲಿನದು ಅಳಿಸಿಹೋಗಿತ್ತು.

“ಎರಡನೇದು ಇಡುವಾಗ ಪೆಟ್ಟಿಗೆ ಏನೂ ಕೇಳಲಿಲ್ಲವೇ?”

“ಕೇಳ್ತು. ಅಪ್ಪಣೆ ಕೇಳೋ ಪೆಟ್ಟಿಗೆ ಕಂಡ್ರೆ ನನಗಾಗಲ್ವಲ್ಲಣ್ಣಾ. ಓದದೆ ‘ಆಗ್ಲಿ’ ಅಂತ ಒತ್ಬಿಟ್ಟೆ.”

ಅವನು ಮುಖ ಮುಚ್ಚಿಕೊಂಡ. ಸೆಲ್ಲಪ್ಪನ್ ಆ ಹೆಸರನ್ನು ನೋಡಿ ಹೊಟ್ಟೆ ಕುಲುಕಿಸಿ ನಕ್ಕರು. “ಬಿಡು ಸಾಮಿ. ಕೈನೂ ಹೋಯ್ತು, ಕೈಯ ಸದ್ದೂ ಹೋಯ್ತು. ಒಂಟಿಯಾಗಿ ಒಂದು ಉಳಿದು ಏನು ಮಾಡ್ತಿತ್ತು?” ಎಂದರು. ನಗುವಾಗ ಅವರ ಕಣ್ಣು ಒದ್ದೆಯಾಗಿದ್ದುದನ್ನು ನಾನು ಕಂಡೆ; ಮಯಿಲ್‌ಸಾಮಿ ಕಾಣಲಿಲ್ಲ, ಒಳ್ಳೆಯದೇ ಆಯಿತು.

ಲೋಕದಲ್ಲಿ ಇಂಥವರು ಅಲ್ಲೊಬ್ಬ ಇಲ್ಲೊಬ್ಬ ಇರುತ್ತಾರೆ. ಬೀಗಕ್ಕೆ ಹೆದರುತ್ತಾರೆ, ಕಂಪನಿಗೆ ಹೆದರುತ್ತಾರೆ, ಬರಲಿರುವ ಕಾಲಕ್ಕೆ ಹೆದರುತ್ತಾರೆ. ಹೆದರಬೇಕಾದ ತಮ್ಮ ಬೆರಳೊಂದನ್ನು ಮಾತ್ರ ನಂಬುತ್ತಾರೆ. ಕಾಪಾಡಹೊರಟದ್ದರಲ್ಲಿ ಅರ್ಧ ಕೆಡುವುದು ಅವರ ಕೈಯಿಂದಲೇ. ಆದರೆ ಅವರನ್ನು ನೋಡಿ ನಗುವ ನಮ್ಮಂಥವರ ಕೈಯಿಂದ ಏನೂ ಕೆಡುವುದಿಲ್ಲ, ಏಕೆಂದರೆ ನಾವು ಯಾರ ಸದ್ದನ್ನೂ ಎತ್ತಿಟ್ಟವರಲ್ಲ.