ಬಲಗೈ ಕಟ್ಟಿದ ಗೊಂಡೆಗಳು

ನಮ್ಮ ಮನೆಯಲ್ಲಿ ಝಾಲರು ಹಚ್ಚಿಸಿಕೊಳ್ಳದೆ ಉಳಿದಿರುವ ವಸ್ತು ಅಂದರೆ ನಾನೊಬ್ಬನೇ. ಸೋಫಾದ ಕೆಳಗೆ ತೂಗುವ ದಾರದ ಝಾಲರು, ದೀಪದ ಬುರುಡೆಯ ಸುತ್ತ ಮಣಿಗಳ ಝಾಲರು, ಫ್ರಿಜ್ಜಿನ ತಲೆಯ ಮೇಲಿನ ಹೊದಿಕೆಗೂ ಝಾಲರು. ದಿಂಬುಗಳ ಮೂಲೆ ಮೂಲೆಗೆ ಗೊಂಡೆ, ಕಪಾಟಿನ ಕೀಲಿಗೆ ಗೊಂಡೆ, ಪರದೆಯನ್ನು ಪಕ್ಕಕ್ಕೆಳೆದು ಕಟ್ಟುವ ಹುರಿಗೆ ಜೋಡಿ ಗೊಂಡೆ. ಖರಾಡಿಯ ನಮ್ಮ ಹನ್ನೊಂದನೆಯ ಮಹಡಿಗೆ ಸಂಜೆ ಗಾಳಿ ನುಗ್ಗಿದರೆ ಇಡೀ ಮನೆ ಮದುವೆಯ ಕುದುರೆಯಂತೆ ತಲೆ ಕೊಡವುತ್ತದೆ. ಬಂದವರು ಮೊದಲು ನಗುತ್ತಾರೆ, ಆಮೇಲೆ ಮುಟ್ಟಿ ನೋಡುತ್ತಾರೆ, ಹೋಗುವಾಗ ನಮಗೂ ಒಂದು ಮಾಡಿಕೊಡಿ ಎನ್ನುತ್ತಾರೆ. ಇಂಥ ಮನೆ ಇಡೀ ಮಹಾರಾಷ್ಟ್ರದಲ್ಲಿ ಇನ್ನೊಂದಿಲ್ಲ. ಇದ್ದರೆ ಅದು ನಮ್ಮದರ ನಕಲು.

ಇದೆಲ್ಲ ನನ್ನ ಹೆಂಡತಿ ಗಂಗೂಬಾಯಿಯ ಕಾರಭಾರ. ಧಾರವಾಡದಲ್ಲಿ ಅವಳ ತವರಿನಲ್ಲಿ ರೇಡಿಯೋಕ್ಕೂ ಝಾಲರಿನ ಅಂಗಿ ಇತ್ತಂತೆ. ರವಿವಾರ ಪೇಠೆಯ ಲೇಸಿನ ಅಂಗಡಿಗಳಿಗೆ ಇವಳು ಕಾಲಿಟ್ಟರೆ ಅಂಗಡಿಕಾರರು ಮಗಳು ತವರಿಗೆ ಬಂದಳು ಎಂಬಂತೆ ಎದ್ದು ನಿಲ್ಲುತ್ತಾರೆ. ನಾನೇ ಕಣ್ಣಾರೆ ನೋಡಿದ್ದೇನೆ. ಒಬ್ಬನಂತೂ ಅಳುತ್ತಿದ್ದ.

ನನ್ನ ವಿಷಯ ಹೇಳಬೇಕೆಂದರೆ ನಾನು ಮಧುಕರ, ದೇಹೂ ರೋಡಿನ ಮಿಲಿಟರಿ ಉಗ್ರಾಣದಲ್ಲಿ ಸ್ಟೋರ್‌ಕೀಪರ್ ಆಗಿದ್ದವನು. ನಾನು ಹೂಂ ಅನ್ನದೆ ದೇಶದ ಸೈನ್ಯಕ್ಕೆ ಒಂದು ಬೂಟಿನ ದಾರವೂ ಸಿಗುತ್ತಿರಲಿಲ್ಲ. ಇದೇ ಬಲಗೈಯಿಂದ ಡೇರೆಯ ಹಗ್ಗಕ್ಕೆ ಗಂಟು ಹಾಕಿದರೆ ಅದನ್ನು ಬಿಚ್ಚಲು ಕೊಡಲಿಯೇ ಬೇಕಾಗುತ್ತಿತ್ತು. ನಿವೃತ್ತನಾದ ದಿನ ಉಗ್ರಾಣ ಅರ್ಧ ಖಾಲಿಯಾದಂತೆ ಕಂಡಿತೆಂದು ಬಹಳ ಜನ ಹೇಳಿದರು. ಹೇಳದವರ ಮನಸ್ಸಿನಲ್ಲೂ ಅದೇ ಇತ್ತು.

ಹೋದ ಮಳೆಗಾಲದಲ್ಲಿ ನನಗೆ ಲಕ್ವಾ ಹೊಡೆಯಿತು. ಸಣ್ಣಪುಟ್ಟದ್ದಲ್ಲ. ನನ್ನ ತಲೆಯ ಫೋಟೋ ನೋಡಿ ಡಾಕ್ಟರರು ಕುಡಿಯುತ್ತಿದ್ದ ಚಹಾ ಕೆಳಗಿಟ್ಟರು. ಕೆಲವು ವಾರಗಳಲ್ಲಿ ಒಂದೊಂದೇ ಮರಳಿ ಬಂತು. ಮೊದಲು ಬಂದದ್ದು ಬಾಯಿ, ಅದರ ಬಗ್ಗೆ ಯಾರಿಗೂ ಆಶ್ಚರ್ಯವಾಗಲಿಲ್ಲ. ಆಮೇಲೆ ಕಾಲು. ಬಲಗೈಯೂ ಎತ್ತಿದರೆ ಏಳುತ್ತಿತ್ತು, ಬೆರಳು ಮಡಚುತ್ತಿದ್ದವು. ಆದರೆ ಮೊಣಕೈಯಿಂದ ಕೆಳಗೆ ಸ್ಪರ್ಶವೇ ಇಲ್ಲ. ಬಿಸಿ ಗೊತ್ತಾಗದು, ತಣ್ಣಗಿದ್ದರೂ ಗೊತ್ತಾಗದು. ಪಕ್ಕದ ಮನೆಯಿಂದ ಕಡ ತಂದು ಹಿಂದಿರುಗಿಸಲು ಮರೆತ ಪಾತ್ರೆಯ ಹಾಗೆ ಅದು ನನ್ನ ತೊಡೆಯ ಮೇಲೆ ಕೂತಿರುತ್ತಿತ್ತು.

ವ್ಯಾಯಾಮ ಮಾಡಿಸಲು ಸಾಯಲಿ ಎಂಬ ಮರಾಠಿ ಹುಡುಗಿ ಬರುತ್ತಿದ್ದಳು. ಅವಳು ಸುತ್ತಲೂ ತೂಗುತ್ತಿದ್ದ ಝಾಲರುಗಳನ್ನು ನೋಡಿ, "ಕಾಕಾ, ಬೋಟಾಂನಾ ಕಾಮ ದ್ಯಾ," ಬೆರಳಿಗೆ ಕೆಲಸ ಕೊಡಿ ಎಂದಳು. ಗಂಗೂಬಾಯಿಗೆ ಅಷ್ಟು ಸಾಕಾಯಿತು. ಮರುದಿನದಿಂದ ನನ್ನ ಮುಂದೆ ದಾರದ ಉಂಡೆ, ರಟ್ಟಿನ ತುಂಡು, ಕತ್ತರಿ. ರಟ್ಟಿಗೆ ದಾರ ಸುತ್ತಬೇಕು, ಮೇಲಿನ ತುದಿಗೆ ಗಂಟು ಹಾಕಿ ರಟ್ಟು ಎಳೆದು ತೆಗೆಯಬೇಕು, ಕುತ್ತಿಗೆಗೆ ಬಿಗಿಯಾಗಿ ಸುತ್ತು ಕೊಟ್ಟು ಕೆಳಗೆ ಕತ್ತರಿಸಬೇಕು. ಅಷ್ಟಾದರೆ ಗೊಂಡೆ. ನನ್ನ ಮೊದಲ ಗೊಂಡೆ ಹಾಸಿಗೆಯಿಂದ ಈಗಷ್ಟೇ ಎದ್ದು ಬಂದವನ ತಲೆಯ ಹಾಗಿತ್ತು. ಗಂಗೂಬಾಯಿ ಅದನ್ನೇ ದೇವರ ಕೋಣೆಯ ಪರದೆಗೆ ಕಟ್ಟಿದಳು. ಇಸ್ತಂಬೂಲಿನಿಂದ ತರಿಸಿದ್ದು ಎಂದು ನಾನು ಸೊಸೈಟಿಯಲ್ಲೆಲ್ಲ ಹೇಳಿಬಂದೆ.

ಚಳಿಗಾಲ ಮುಗಿಯುವ ಹೊತ್ತಿಗೆ ಕೈ ಕೆಲಸ ಮಾಡುತ್ತಿತ್ತು, ಕಣ್ಣು ಅದರ ಮೇಲೇ ಇದ್ದರೆ ಮಾತ್ರ. ಕಣ್ಣು ಆಚೆ ಹೋದರೆ ಕೈ ಎಲ್ಲಿದೆ ಎಂದು ನನಗೇ ಗೊತ್ತಿರುತ್ತಿರಲಿಲ್ಲ.

ಅಷ್ಟರಲ್ಲಿ ಬೆಳಗಾವಿಯಿಂದ ಮಗಳು ನೀಲಿಮಾ ಫೋನ್ ಮಾಡಿದಳು. ಚೊಚ್ಚಲ ಬಸಿರು. ಬಾಣಂತನಕ್ಕೆ ನಮ್ಮಲ್ಲಿಗೇ ಬರಬೇಕಿತ್ತು. ಆದರೆ ಹಾಸಿಗೆ ಬಿಟ್ಟು ಏಳಬಾರದು, ಪ್ರಯಾಣವಂತೂ ಬೇಡವೇ ಬೇಡ ಎಂದು ಅಲ್ಲಿಯ ಡಾಕ್ಟರರು ಹೇಳಿದ್ದರು. ಆ ಮನೆಯಲ್ಲಿ ಹೆಂಗಸರಿಲ್ಲ. ಅತ್ತೆ ತೀರಿಕೊಂಡಿದ್ದಾರೆ, ಮಾವ ಹರಿಶ್ಚಂದ್ರರು ಮಾತ್ರ ಇದ್ದಾರೆ, ಅಳಿಯ ಫ್ಯಾಕ್ಟರಿಯ ಪಾಳಿಯಲ್ಲಿ ದುಡಿಯುವವನು.

"ಅವ್ವಾ, ನೀ ಬರ್ತಿ ಹೌದಲ್ಲೋ?" ಎಂದು ಅವಳು ಕೇಳಿದ್ದು ನನಗೂ ಕೇಳಿಸಿತು.

ಬಸಿರಿನ ಸುದ್ದಿ ಮೊದಲ ಸಲ ಬಂದಾಗ ನಾನು ಸೊಸೈಟಿಯ ಅಷ್ಟೂ ಮನೆಗಳಿಗೆ ಪೇಢೆ ಹಂಚಿಸಿದ್ದೆ, ಲಿಫ್ಟಿನಲ್ಲಿ ಸಿಕ್ಕ ಕೊರಿಯರ್‌ನವನನ್ನೂ ಬಿಟ್ಟಿರಲಿಲ್ಲ. ಪೇಢೆ ಸಿಹಿಯಾಗಿದ್ದವು. ನನಗೆ ಅಷ್ಟು ತಿಳಿಯಿತು. ಅದಕ್ಕಿಂತ ಹೆಚ್ಚಿಗೆ ಏನೂ ಆಗಲಿಲ್ಲ. ಈ ಜೋಮು ಮೊಣಕೈಗೇ ನಿಂತಿದೆಯೋ ಇನ್ನೂ ಮೇಲಕ್ಕೆ ಹತ್ತಿದೆಯೋ ಎಂದು ಡಾಕ್ಟರರನ್ನು ಕೇಳಬೇಕೆಂದಿದ್ದೆ. ಕೇಳಲಿಲ್ಲ.

ಫೋನ್ ಇಟ್ಟು ಗಂಗೂಬಾಯಿ ನನ್ನ ಮುಂದೆ ಕೂತಳು.

"ನಿಮ್ಮನ್ನ ಒಬ್ಬರನ್ನ ಗ್ಯಾಸಿನ ಮುಂದ ಬಿಟ್ಟು ನಾ ಹೆಂಗ ಹೋಗ್ಲಿ? ಮೊನ್ನೆ ಕುದಿಯೋ ಸಾರಿನ ಪಾತ್ರಿ ಬರಿಗೈಲೆ ಇಳಸ್ಲಿಕ್ಕೆ ಹೋಗಿದ್ರಿ."

"ಅದು ಕುದೀತಿರಲಿಲ್ಲ. ಬರೇ ಉಗಿ ಬಿಡ್ತಿತ್ತು."

"ಹಂಗಾದ್ರ ನೀವೂ ನಡೀರಿ ಬೆಳಗಾವಿಗೆ."

ಇದೊಂದು ಮಾತ್ರ ಸಾಧ್ಯವಿರಲಿಲ್ಲ. ನಮ್ಮ ಮನೆತನದಲ್ಲಿ ಮಗಳನ್ನು ಕೊಟ್ಟ ಮನೆಯಲ್ಲಿ ಅಪ್ಪನಾದವನು ಒಂದು ಹೊತ್ತಿನ ಊಟ ಮಾಡಿದರೂ ಅವಳ ಕೈಗೆ ಏನಾದರೂ ಇಟ್ಟೇ ಹೊರಡಬೇಕು. ನಮ್ಮ ಅಜ್ಜನಂತೂ ಮಗಳ ಮನೆಗೆ ಹೋಗುವಾಗ ಕುಡಿಯುವ ನೀರನ್ನೂ ತಂಬಿಗೆಯಲ್ಲಿ ಒಯ್ಯುತ್ತಿದ್ದನಂತೆ. ಅಂಥ ವಂಶದ ಕುಡಿ ಬಾಣಂತಿಯ ಜೊತೆ ಇನ್ನೊಬ್ಬ ರೋಗಿಯಾಗಿ ಬೀಗರ ಮನೆಯಲ್ಲಿ ತಿಂಗಳುಗಟ್ಟಲೆ ಬಿದ್ದಿರುವುದೇ? ಅದೂ ಹರಿಶ್ಚಂದ್ರರ ಮನೆಯಲ್ಲಿ? ಮದುವೆಯಲ್ಲಿ ಅವರ ಮುಂದೆ ನಾನು ಇದೇ ಬಲಗೈಯಲ್ಲಿ ಜೀಪು ಎತ್ತಿದ ಕಥೆ ಹೇಳಿದ್ದೆ.

ಹಾಗಾಗಿ ನನ್ನ ಕೈಗೆ ಜೀವ ಬಂತು. ಮರುದಿನ ಅವಳು ಚಹಾದ ಲೋಟ ನನ್ನ ಬೆರಳಿಗೆ ತಾಗಿಸಿದ ಕೂಡಲೇ "ಹಾ!" ಎಂದು ಕೈ ಹಿಂದಕ್ಕೆಳೆದುಕೊಂಡೆ. ಲೋಟದಿಂದ ಏಳುತ್ತಿದ್ದ ಹಬೆ ನನಗೆ ಕಾಣುತ್ತಿತ್ತು.

ಗಂಗೂಬಾಯಿ ಕಣ್ಣರಳಿಸಿದಳು. "ಖರೇನೇ? ಸುಟ್ಟಂಗಾತೇನ್ರಿ?"

"ಸುಡೂದೇನು, ಹೆಗಲತನಕ ಬೆಂಕಿ ಹತ್ತಿದಂಗಾತು!"

ಆದರೆ ನನ್ನ ಜೊತೆ ಇಷ್ಟು ವರ್ಷ ಬಾಳಿದವಳು ಒಂದೇ ಮಾತಿಗೆ ನಂಬುವಳೇ? ಕಣ್ಣು ಮುಚ್ಚಿಸಿ ಪರೀಕ್ಷೆಗೆ ಕೂರಿಸಿದಳು. "ನೋಡಬಾರದು. ಕೈಯಾಗ ಏನಿಟ್ಟೀನಿ ಹೇಳ್ರಿ."

"ಗೊಂಡೆ," ಎಂದೆ.

"ಅಯ್ಯಶಿವನ! ಎಂಥಾದ್ದು? ಉಣ್ಣೀದೋ, ರೇಷ್ಮೀದೋ?"

ಮೂಗಿಗೆ ಡಾಂಬರು ಗುಳಿಗೆಯ ವಾಸನೆ ಹೊಡೆಯಿತು. ಉಣ್ಣೆಯ ಉಂಡೆಗಳನ್ನು ಅವಳು ಹುಳ ಹಿಡಿಯದಿರಲೆಂದು ಆ ಗುಳಿಗೆಗಳ ಜೊತೆ ಡಬ್ಬಿಯಲ್ಲಿಡುತ್ತಿದ್ದಳು. "ಉಣ್ಣೀದು. ಮೆತ್ತಗ, ಬೆಕ್ಕಿನ ಮರಿ ಇಟ್ಟಂಗ ಅದ," ಎಂದೆ.

ಅವಳು ದೇವರಿಗೆ ತುಪ್ಪದ ದೀಪ ಹಚ್ಚಿ ಬೆಳಗಾವಿಗೆ ಒಂದು ಟಿಕೀಟು ತೆಗೆಸಿದಳು. ಸಾಯಲಿಗೆ ಇನ್ನು ಬರುವುದು ಬೇಡ ಎಂದಳು. ಮಗಳಿಗೆ ಫೋನ್ ಮಾಡಿ, "ನಿಮ್ಮಪ್ಪನ ಕೈ ಹುಲಿಯಂಗ ಆಗೇದ ನೋಡು," ಎಂದಳು. ಆ ಹುಲಿ ನನ್ನ ತೊಡೆಯ ಮೇಲೆಯೇ ಇತ್ತು. ಅದನ್ನು ನೋಡುತ್ತ ಕೂತೆ. ಸಂತೋಷವಾಗಬೇಕಿತ್ತು, ಹೆದರಿಕೆಯಾದರೂ ಆಗಬೇಕಿತ್ತು.

ಅವಳು ಹೊರಡುವ ವಾರ ಎದುರುಮನೆಯ ಭವ್ಯಶ್ರೀ ಮಧ್ಯಾಹ್ನ ಬಂದಳು. ಮೈಸೂರು ಕಡೆಯ ಹುಡುಗಿ, ಇಲ್ಲೇ ಐಟಿ ಕಂಪನಿಯಲ್ಲಿದ್ದಾಳೆ, ಆವತ್ತು ಮನೆಯಿಂದಲೇ ಕೆಲಸ. ಅವಳ ಹೊಸ ಪರದೆಗಳಿಗೆ ಗೊಂಡೆ ಕಟ್ಟಿದ ಹುರಿ ಮಾಡಿಕೊಡುವುದಾಗಿ ನಾನೇ ಒಪ್ಪಿಕೊಂಡಿದ್ದೆ.

"ಅಂಕಲ್, ಸಖತ್ತಾಗಿದೆ! ನಮ್ಮ ಲಿವಿಂಗ್ ರೂಮ್ ಪೂರ್ತಿ ಪ್ಲೇನ್ ಆಗಿತ್ತು. ಈಗ ಲುಕ್ಕೇ ಬೇರೆ ಬರುತ್ತೆ ನೋಡಿ."

"ಬರೇ ಲುಕ್ಕಲ್ಲ. ಈ ಗೊಂಡೆ ಹಾಕಿದ್ರ ಪರದೆ ನೂರು ವರ್ಷ ತಾಳ್ತದ."

"ತುದಿ ಬಿಚ್ಚಿಕೊಳ್ಳಲ್ವಾ ಅಂಕಲ್? ಆನ್‌ಲೈನಲ್ಲಿ ತರಿಸಿದ್ದು ವಾರಕ್ಕೇ ಪೊರಕೆ ಥರ ಆಗೋಯ್ತು."

ನೈಲಾನ್ ಹುರಿಯ ತುದಿ ಬಿಚ್ಚದಿರಲು ಒಂದು ವಿಧಾನವಿದೆ. ಉರಿಗೆ ಹಿಡಿದರೆ ಎಳೆಗಳು ಕರಗುತ್ತವೆ. ತಕ್ಷಣ ನೀರಲ್ಲಿ ಅದ್ದಿದ ಬೆರಳಿನಿಂದ ಹೊಸೆದರೆ ತುದಿ ಕಡಲೆಕಾಳಿನಂತೆ ಗಟ್ಟಿಯಾಗುತ್ತದೆ. ಈ ಕೆಲಸ ಮಾತ್ರ ಗಂಗೂಬಾಯಿ ನನಗೆ ಕೊಟ್ಟಿರಲಿಲ್ಲ. ಅವಳು ಒಳಗೆ ಚಟ್ನಿಪುಡಿ ಕುಟ್ಟುತ್ತಿದ್ದಳು. ನಾನು ಮೇಣಬತ್ತಿ ಹಚ್ಚಿ ತಟ್ಟೆಯ ಮೇಲೆ ನಿಲ್ಲಿಸಿದೆ.

"ನೋಡವಾ ತಂಗಿ, ಇದು ಮಿಲಿಟರಿ ಪದ್ಧತಿ. ಒಮ್ಮೆ ಲಡಾಖಿನ ಕಡೆ ಹಿಮಗಾಳಿ ಎದ್ದಿತ್ತು. ಡೇರೆಗಳು ಗಾಳಿಪಟದಂಗ ಹಾರ್ಲಿಕತ್ತಿದ್ವು. ಜನರಲ್ ಸಾಹೇಬ್ರು ವೈರ್‌ಲೆಸ್ಸಿನಾಗ ಒಂದ ಮಾತು ಕೇಳಿದ್ರು. 'ಮಧುಕರ ತುದಿ ಕಟ್ಟಿದ ಹಗ್ಗ ಅದಾವೇನು?'"

ಕೇಳುವವರು ಸಿಕ್ಕರೆ ಅವರ ಮುಖ ನೋಡುತ್ತ ಹೇಳುವುದು ನನ್ನ ರೂಢಿ. ಭವ್ಯಶ್ರೀಯ ಮುಖ ಅರಳಿತ್ತು. ಆಮೇಲೆ ಅವಳ ಕಣ್ಣು ದೊಡ್ಡವಾದವು. ಕಥೆ ಹತ್ತಿತು ಅಂದುಕೊಂಡೆ. ಬಾಯಿ ತೆರೆದಳು. ಜನರಲ್ ಸಾಹೇಬರನ್ನು ಹಿಮದಲ್ಲಿ ಮೊಣಕಾಲುದ್ದ ಇಳಿಸಿದೆ.

"ಅಂಕಲ್... ಕೈ..."

"ಕೈ ಹೆಪ್ಪುಗಟ್ಟಿತ್ತು, ಮತ್ತ! ಅಂಥಾ ಚಳಿ!"

"ಅಂಕಲ್, ನಿಮ್ ಕೈ! ಆಂಟೀ! ಬೇಗ ಬನ್ನಿ!"

ಗಂಗೂಬಾಯಿ ಆಗಲೇ ಬಾಗಿಲಿಗೆ ಬಂದಿದ್ದಳು. "ಏನದು ಸುಟ್ಟ ವಾಸನಿ?" ಎನ್ನುತ್ತ ಬಂದವಳು ಮೇಣಬತ್ತಿಯ ಕಡೆ ಧಾವಿಸಿದಳು. ನಾನೂ ಆಗ ಕೆಳಗೆ ನೋಡಿದೆ. ನನ್ನ ಬಲಗೈಯ ಎರಡು ಬೆರಳು ಉರಿಯ ಮೇಲಿದ್ದವು. ಕರಗಿದ ನೈಲಾನ್ ಅವುಗಳಿಗೆ ಮೆತ್ತಿಕೊಂಡಿತ್ತು. ಯಾರದೋ ಕೈ ಸುಡುತ್ತಿದೆಯಲ್ಲ ಎನ್ನಿಸಿತು.

ಗಂಗೂಬಾಯಿ ನನ್ನನ್ನು ಎಳೆದುಕೊಂಡು ಹೋಗಿ ಅಡುಗೆಮನೆಯ ನಳದ ಕೆಳಗೆ ಕೈ ಹಿಡಿದಳು. ಭವ್ಯಶ್ರೀ ಔಷಧಿ ತರಲು ಓಡಿದಳು. ನಾನು ಧೈರ್ಯ ಹೇಳಬೇಕೆಂದು, "ಏನೂ ಆಗಿಲ್ಲ. ನೀರು ಐಸ್ ಇದ್ದಂಗ ಅದ, ಕೈ ಕೊರೀಲಿಕತ್ತದ," ಎಂದೆ.

ಗಂಗೂಬಾಯಿ ನಳ ನಿಲ್ಲಿಸಿದಳು. "ಮ್ಯಾಲಿನ ಟಾಕಿ ನೀರು ಇದು. ಬಿಸಲಾಗ ಕಾದದ. ನನ್ನ ಕೈಗೇ ಚುರ್ ಅಂತದ."

ಮಣ್ಣಿನ ಗಡಿಗೆಯಿಂದ ನೀರು ತೆಗೆದು ಪಾತ್ರೆಗೆ ಸುರಿದು ಅದರಲ್ಲಿ ನನ್ನ ಕೈ ಇಟ್ಟಳು. ನೆಲದ ಮೇಲೆ ಕೂತೆವು, ಇಬ್ಬರೂ.

"ಯಾವಾಗಿಂದ ಸುಳ್ಳು ಹೇಳ್ಲಿಕತ್ತೀರಿ?"

"ಮೊದಲಿಂದ."

"ಉಣ್ಣೀದು ಅಂತ ಹೆಂಗ ಹೇಳಿದ್ರಿ ಮತ್ತ?"

"ವಾಸನಿ ಬಂತು."

"ಗೊಂಡೆ ಅಂತ?"

"ನಮ್ಮ ಮನ್ಯಾಗ ನನ್ನ ಕೈಯಾಗ ಇನ್ನೇನ ಇಡ್ತಿದ್ದಿ?"

ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. ಸೆರಗಿನಿಂದ ನನ್ನ ಮುಖ ಒರೆಸಿದಳು. ಬಹುಶಃ ಬೆವತಿದ್ದೆ.

"ನಾ ಹೋದ ಮ್ಯಾಲ ಇದು ಆಗಿದ್ರ?" ಎಂದಳು. "ಮನೀ ತುಂಬ ದಾರ, ಝಾಲರು. ಒಂದು ಕಿಡಿ ಸಾಕು." ನನ್ನ ಕೈಯನ್ನು ನೀರಿನಲ್ಲಿ ಇನ್ನಷ್ಟು ಒಳಗೆ ಒತ್ತಿದಳು. "ನನ್ನ ಕಡೆ ಎರಡ ದಾರಿ ಅದಾವ. ನಾ ಇಲ್ಲೇ ಇರ್ತೀನಿ, ಆ ಹುಡುಗಿ ಅಲ್ಲೆ ಒಬ್ಬಾಕೀನ ಹಾಸಿಗಿ ಮ್ಯಾಲ ಇರ್ತಾಳ. ಇಲ್ಲಾ, ನೀವು ನನ್ನ ಜೋಡಿ ಬರ್ತೀರಿ. ಯಾವುದಾದ್ರೂ ಆಗ್ಲಿ, ನೀವ ಬೀಗರಿಗೆ ಹೇಳ್ರಿ. ನಾ ಹೇಳಂಗಿಲ್ಲ."

ನಂಬರು ಒತ್ತಿ ಫೋನನ್ನು ನನ್ನ ಎಡಗೈಗೆ ಕೊಟ್ಟಳು.

"ಹಲೋ, ಬೀಗ್ರ!" ಹರಿಶ್ಚಂದ್ರರ ದನಿ ಕೇಳಿಸಿತು. "ಏನ್ರಿ, ಕೈ ಹುಲಿಯಂಗ ಆಗೇದಂತ? ಜೀಪು ಎತ್ತಿದ್ರಿ ಇಲ್ಲೋ?"

ಬಾಯಿ ತೆರೆದೆ. ಜೀಪೇನು, ಲಾರಿ ಎತ್ತುವ ಕಥೆಯೂ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಗಂಗೂಬಾಯಿ ನನ್ನ ಮುಖ ನೋಡುತ್ತಿರಲಿಲ್ಲ. ಪಾತ್ರೆಯಲ್ಲಿ ಮುಳುಗಿದ್ದ ನನ್ನ ಕೈಯಿಂದ ನೈಲಾನಿನ ಚೂರುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದಳು. ಜೊತೆಗೆ ಚರ್ಮವೂ ಸ್ವಲ್ಪ ಬರುತ್ತಿತ್ತು. ಅವಳು ತುಟಿ ಕಚ್ಚಿಕೊಳ್ಳುತ್ತಿದ್ದಳು.

"ಇಲ್ರಿ," ಎಂದೆ. "ಕೈಗೆ ಏನೂ ತಿಳಿಯಂಗಿಲ್ರಿ. ಸುಟ್ಟರೂ ತಿಳಿಯಂಗಿಲ್ಲ. ಒಬ್ಬನ ಇರ್ಲಿಕ್ಕೆ ಆಗಂಗಿಲ್ಲ. ಇಕಿ ಬರಬೇಕಂದ್ರ ನಾನೂ ಬರಬೇಕಾಗ್ತದ. ಬರ್ಲೇನ್ರಿ?"

ನಮ್ಮ ವಂಶದಲ್ಲಿ ಯಾರೂ ಬೀಗರನ್ನು ಹೀಗೆ ಕೇಳಿರಲಿಲ್ಲ. ನಾಚಿಕೆಗಾಗಿ ಕಾದೆ. ಅದೂ ಬರಲಿಲ್ಲ.

"ಬರ್ಲೇನು ಅಂತ ಕೇಳ್ತಾರೇನ್ರಿ, ಬೀಗ್ರ?" ಹರಿಶ್ಚಂದ್ರರ ದನಿ ಈಗ ಮೆತ್ತಗಿತ್ತು. "ಬರ್ರಿ. ಮುಂಜಾನಿಂದ ಸಂಜೀತನಕ ನಾ ಗ್ವಾಡಿ ನೋಡಕೋತ ಕೂಡ್ತೀನಿ. ಸುದ್ದಿ ಹೇಳವ್ರು ಒಬ್ಬರು ಬೇಕಾಗ್ಯಾರ. ಖರೇ ಸುದ್ದಿ ಬ್ಯಾಡ್ರಿ, ಅದು ಪೇಪರಿನ್ಯಾಗ ಬರ್ತದ. ನಿಮ್ಮವು ಇರ್ಲಿ."

"ಹೂಂ," ಎಂದೆ. ಫೋನನ್ನು ನೆಲದ ಮೇಲಿಟ್ಟೆ.

ಭವ್ಯಶ್ರೀ ತಂದ ಮುಲಾಮನ್ನು ಗಂಗೂಬಾಯಿ ಹಚ್ಚಿದಳು. ಎರಡು ಬೆರಳೂ ಗುಳ್ಳೆಯೆದ್ದು ಬೆಳ್ಳಗಾಗಿದ್ದವು. ಅವಳು ಒತ್ತಿ ಹಚ್ಚುತ್ತಿದ್ದಾಳೋ ಮೆಲ್ಲಗೆ ಹಚ್ಚುತ್ತಿದ್ದಾಳೋ ಎಂಬುದನ್ನು ಅವಳ ಮುಖ ನೋಡಿ ತಿಳಿದುಕೊಂಡೆ. ಮೆಲ್ಲಗೆ.

ಆಮೇಲೆ ಫೋನಿನಲ್ಲಿ ಬಸ್ಸಿನ ಸೀಟುಗಳ ಚಿತ್ರ ತೆರೆದು, "ನಿಮಗ ಕಿಡಕಿ ಕಡೆ ಬೇಕೇನ್ರಿ?" ಎಂದಳು.

"ಯಾವುದಿದ್ರೂ ನಡೀತದ."

ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ಬಸ್ಸಿನಲ್ಲಿ ಡ್ರೈವರನ ಸೀಟೊಂದನ್ನು ಬಿಟ್ಟು ಉಳಿದ ಯಾವುದೂ ನನ್ನ ಯೋಗ್ಯತೆಯದಲ್ಲ ಎಂದು ಇಷ್ಟು ವರ್ಷ ಅವಳ ಜೊತೆ ಜಗಳವಾಡಿದವನು ನಾನು. ಕಿಟಕಿಯ ಕಡೆಯದನ್ನೇ ಒತ್ತಿ, ಅದರ ಪಕ್ಕದ್ದನ್ನು ತನಗೆ ತೆಗೆದುಕೊಂಡಳು.