ಕತ್ತಿನ ಅಳತೆ

ಅಂಗಡಿಯಲ್ಲಿ ಮೂರು ದಿನದಿಂದ ಏನೋ ನಾರುತ್ತಿತ್ತು. ಮಗನ ಶಾಲೆಯ ಶರಟಿಗೆ ಅಳತೆ ಕೊಡಿಸಲು ಬಂದ ಟೀಚರಮ್ಮ ಒಳಗೆ ಕಾಲಿಡುತ್ತಲೇ ಕರ್ಚೀಫಿನಿಂದ ಮೂಗು ಮುಚ್ಚಿಕೊಂಡರು.

“ಎಲ್ಲೋ ಇಲಿ ಸತ್ತಿರಬೇಕು ಮೇಡಂ. ಹುಡುಕಿ ಹುಡುಕಿ ಸಾಕಾಯ್ತು,” ಎನ್ನುತ್ತ ಟೈಲರ್ ಹುಡುಗನ ಕತ್ತಿಗೆ ಟೇಪು ಸುತ್ತಿದ. ಟೇಪಿನೊಳಗೆ ತನ್ನ ಎರಡು ಬೆರಳು ತೂರಿಸಿ ಸಡಿಲ ಮಾಡಿಕೊಂಡ. “ಬೆಳೆಯೋ ಹುಡುಗ. ಕಾಲರ್ ಬಿಗಿ ಆಗಬಾರದು. ತೋಳಿನ ಒಳಗೂ ಬಟ್ಟೆ ಬಿಟ್ಟಿರ್ತೀನಿ, ಮುಂದಿನ ವರ್ಷ ತಂದ್ಕೊಡಿ, ಬಿಚ್ಚಿ ಉದ್ದ ಮಾಡ್ತೀನಿ.”

ಹೇಳಿದ ದಿನಕ್ಕೆ ಬಟ್ಟೆ ಕೊಡುವ ಟೈಲರುಗಳು ಈ ಭೂಮಿಯ ಮೇಲೆ ಎಷ್ಟು ಜನ ಇದ್ದಾರು? ಇವನು ಕೊಡುತ್ತಿದ್ದ. ಕೆಲಸದಲ್ಲಿ ಅವನತ್ತ ಬೆರಳು ತೋರಿಸುವ ಹಾಗಿರಲಿಲ್ಲ. ಒಂದು ಸಲ ಕತ್ತಿಗೆ ಟೇಪು ಹಾಕಿದರೆ ಆ ಅಳತೆ ಪುಸ್ತಕ ನೋಡದೆಯೇ ಅವನಿಗೆ ನೆನಪಿರುತ್ತಿತ್ತು. ಬೀದಿಯ ಮಕ್ಕಳೆಲ್ಲ ಅವನ ಟೇಪಿನೊಳಗೇ ಬೆಳೆದವರು.

ಶಾಲೆ ಶುರುವಾಗುವ ಮುಂಚಿನ ಎರಡು ವಾರ ಅವನ ಹೆಂಡತಿಯೂ ಅಂಗಡಿಗೆ ಬಂದು ಕೂರುತ್ತಿದ್ದಳು, ಗುಂಡಿ ಹಾಕಲು, ಅಂಚು ಮಡಿಸಲು. ಅವತ್ತು ಮಧ್ಯಾಹ್ನ ಊಟ ಮುಗಿಸಿ, ಉಳಿದದ್ದನ್ನು ತಟ್ಟೆಗೆ ಹಾಕಿಕೊಂಡು ಹಿಂದಿನ ಸಂದಿಗೆ ಹೋದಳು. ಅಲ್ಲಿ ತಗಡಿನ ಕೆಳಗೆ ಕಬ್ಬಿಣದ ಕಂಬಕ್ಕೆ ಅವರ ನಾಯಿ ಉಂಡೆಯನ್ನು ಕಟ್ಟಿದ್ದರು. ಮರಿಯಾಗಿದ್ದಾಗ ಉಣ್ಣೆಯ ಉಂಡೆಯ ಹಾಗಿತ್ತಲ್ಲ, ಅದಕ್ಕೇ ಆ ಹೆಸರು. ಈಗ ಮೊಣಕಾಲಿನ ಎತ್ತರ ಬೆಳೆದು, ಮೈತುಂಬ ಜೋಲು ಕೂದಲು ಬಿಟ್ಟಿತ್ತು. ಬೆಳಗ್ಗೆ ಹಾಕಿದ ಅನ್ನ ಹಾಗೇ ಒಣಗಿತ್ತು. ಉಂಡೆ ತಲೆ ಬಗ್ಗಿಸಿ ನಿಂತಿತ್ತು, ಎತ್ತಲಿಲ್ಲ. ಬಾಲ ಮಾತ್ರ ಆಡಿಸಿತು.

“ಏನಾಯ್ತೇ ನಿಂಗೆ?” ಎಂದು ಅವಳು ಬಗ್ಗಿ ಕತ್ತು ಸವರಿದಳು. ಕೈ ಒದ್ದೆಯಾಯಿತು. ಮೂಸಿ ನೋಡಿದಳು. ಮೂರು ದಿನದಿಂದ ಅಂಗಡಿಯೊಳಗೆ ಹುಡುಕುತ್ತಿದ್ದ ಸತ್ತ ಇಲಿಯ ನಾತ ಅಲ್ಲಿಂದಲೇ ಬರುತ್ತಿತ್ತು.

“ರೀ! ಬನ್ರೀ ಇಲ್ಲಿ!”

ಟೈಲರ್ ಓಡಿ ಬಂದ. ಅವಳು ಕೂದಲು ಬಿಡಿಸಿ ಹಿಡಿದಿದ್ದಳು. ಕತ್ತಿನ ಸುತ್ತ ಒಂದು ಕಾಲುವೆಯ ಹಾಗೆ ಮಾಂಸ ಬಿರಿದಿತ್ತು. ಕತ್ತಿನ ಪಟ್ಟಿ ಎಲ್ಲೂ ಕಾಣುತ್ತಿರಲಿಲ್ಲ. ಸರಪಳಿಯ ಉಂಗುರವೊಂದು ಮಾತ್ರ ಮಾಂಸದೊಳಗಿಂದ ಹೊರಗೆ ಇಣುಕುತ್ತಿತ್ತು.

“ಪಟ್ಟಿ ಎಲ್ರೀ?”

ಎಲ್ಲಿದೆ ಎನ್ನುವುದು ನೋಡಿದ ತಕ್ಷಣ ಅವನಿಗೆ ಗೊತ್ತಾಗಿತ್ತು.

ಅದನ್ನು ಹೊಲಿದವನು ಅವನೇ. ಇದಕ್ಕೂ ಮೊದಲಿದ್ದ ನಾಯಿ ಪಟ್ಟಿಯಿಂದ ತಲೆ ಜಾರಿಸಿಕೊಂಡು ರಸ್ತೆಗೆ ಓಡಿ ಲಾರಿಗೆ ಸಿಕ್ಕಿತ್ತು. ಅವನು ಎರಡು ದಿನ ಮಷಿನ್ ತುಳಿದಿರಲಿಲ್ಲ, ಅಷ್ಟು ಸಂಕಟಪಟ್ಟಿದ್ದ. ಉಂಡೆ ಬಂದ ಹೊಸದರಲ್ಲಿ ಅದೂ ಎರಡು ಸಲ ತಲೆ ಜಾರಿಸಿತು. ಮೂರನೆಯ ಸಲಕ್ಕೆ ಅವಕಾಶ ಕೊಡಬಾರದೆಂದು ಬ್ಯಾಗಿಗೆ ಹಾಕುವ ಪಟ್ಟಿಯನ್ನು ಎರಡು ಪದರ ಮಾಡಿ, ದಪ್ಪ ನೈಲಾನ್ ದಾರದಲ್ಲಿ, ಮರಿಯ ಕತ್ತಿನ ಮೇಲೆಯೇ ಸುತ್ತಿ ಕೈಹೊಲಿಗೆ ಹಾಕಿಬಿಟ್ಟಿದ್ದ. ಬಕಲ್ ಇಲ್ಲ, ತೂತಿಲ್ಲ. “ಬಕಲ್ ಇದ್ರೆ ತಾನೇ ಬಿಚ್ಚೋದು? ಈಗ ಅದೆಲ್ಲಿಗೆ ಹೋಗುತ್ತೋ ನಾನೂ ನೋಡ್ತೀನಿ,” ಎಂದು ಬಂದವರಿಗೆಲ್ಲ ತೋರಿಸಿದ್ದ. ಆಮೇಲೆ ಮದುವೆಗಳ ಕಾಲ ಬಂತು, ಶಾಲೆಗಳ ಕಾಲ ಬಂತು. ಬಗ್ಗುವುದು ತಪ್ಪಲಿ ಎಂದು ತಟ್ಟೆಯನ್ನು ಗಜದ ಕೋಲಿನಿಂದ ತಳ್ಳುವ ಅಭ್ಯಾಸವಾಯಿತು. ಎಂಟು ತಿಂಗಳು ಆ ಕತ್ತನ್ನು ಯಾರೂ ಮುಟ್ಟಿರಲಿಲ್ಲ.

“ಊರ ಮಕ್ಕಳೆಲ್ಲ ಬೆಳೀತಾರೆ ಅಂತ ನಿಮಗೆ ಗೊತ್ತು,” ಎಂದಳು ಹೆಂಡತಿ. “ಇದೊಂದು ಬೆಳೆಯಲ್ಲ ಅಂದ್ಕೊಂಡ್ರಾ? ಥೂ, ನಿಮಗೆ ಹೇಳೋದೇನು, ನಾನೂ ಕಣ್ಣಿದ್ದೂ ಕುರುಡಿ ಆದೆ.”

ಪ್ರಾಣಿಗಳ ಆಸ್ಪತ್ರೆಯ ಕೌಂಟರಿನಲ್ಲಿ “ನಾಯಿ ಯಾರದ್ದು?” ಎಂದು ಕೇಳಿದಾಗ ಟೈಲರನ ನಾಲಿಗೆ ಹೊರಳಿತು. “ಅಂಗಡಿ ಹತ್ರ ಇರುತ್ತೆ,” ಎಂದುಬಿಟ್ಟ. ಹೆಂಡತಿ ಅವನ ಮುಖವನ್ನೇ ನೋಡಿದಳು. ಸುಳ್ಳೂ ಅಲ್ಲ, ನಿಜವೂ ಅಲ್ಲ, ನಮ್ಮಂಥವರಿಗೆ ಕಷ್ಟಕಾಲದಲ್ಲಿ ಒದಗುವ ಮಾತೇ ಅದು.

ಡಾಕ್ಟರಮ್ಮ ಗಾಯ ನೋಡಿ ಒಂದು ಕ್ಷಣ ಕಣ್ಣು ಮುಚ್ಚಿಕೊಂಡರು. “ಇದನ್ನ ಸಾಕಿದೋರು ಯಾರೋ, ಅವರಿಗೆ ಕೈ ಇರಲಿಲ್ವಾ?”

“ಬೇಕಂತ ಮಾಡಿರಲ್ಲ ಡಾಕ್ಟ್ರೇ,” ಎಂದ ಟೈಲರ್. “ಸಾಕಿದೋರು ಒಂದು ದಿನ ಕೂಡ ಹೊಡೆದಿರಲ್ಲ.”

“ಹೊಡೆದಿದ್ರೆ ಒಂದು ದಿನದ ನೋವು. ಇದು ಗಂಟೆ ಗಂಟೆಗೂ ಬಿಗೀತಾ ಬಂದಿದೆ. ಊಟ, ನೀರು, ನೆರಳು, ಚಿಕಿತ್ಸೆ ಕೊಡೋದು ಸಾಕಿದೋರ ದಯೆ ಅಲ್ಲ ಇವ್ರೇ, ಕಾನೂನು. ಬೇಕಂತ ಮಾಡಿದ್ರಾ ಅಂತ ಮಾತ್ರ ಅದು ಕೇಳಲ್ಲ, ನೋಡ್ಕೋಬೇಕಿತ್ತು, ನೋಡ್ಕೊಂಡ್ರಾ ಅಂತಲೂ ಕೇಳುತ್ತೆ. ನಾನು ವರದಿ ಕೊಡಲೇಬೇಕು. ಪ್ರಾಣಿದಯಾ ಸಂಘದ ಇನ್‌ಸ್ಪೆಕ್ಟರ್ ಬರ್ತಾರೆ, ನೀವು ಇರಿ.” ಅವರು ಅವನ ಬೆರಳಿಗೆ ಮೆತ್ತಿದ ಸೀಮೆಸುಣ್ಣವನ್ನು ನೋಡಿದರು. ಉಂಡೆಯನ್ನು ಎತ್ತಿಸಿಕೊಂಡು ಒಳಗೆ ಹೋದರು.

ಹೆಂಡತಿಯ ತಮ್ಮ ವಕೀಲರೊಬ್ಬರ ಹತ್ತಿರ ಗುಮಾಸ್ತನಾಗಿದ್ದ. ಟೈಲರ್ ಫೋನು ಮಾಡಿದ್ದೇ ತಡ, ಬೈಕಿನಲ್ಲಿ ಬಂದಿಳಿದ. ವಿಷಯ ಕೇಳಿ ಅವನ ಮುಖ ಅರಳಿತು. “ಭಾವ, ಕೌಂಟರಲ್ಲಿ ಹೇಳಿದ್ರಲ್ಲ, ಅದನ್ನೇ ಗಟ್ಟಿಯಾಗಿ ಹಿಡ್ಕೊಳ್ಳಿ. ನಾಯಿ ಬೀದೀದು. ನೀವು ಪಾಪ ಅಂತ ಕರ್ಕೊಂಡು ಬಂದ್ರಿ. ಕೇಸೂ ಇಲ್ಲ, ಕೋರ್ಟೂ ಇಲ್ಲ. ಬೀದಿ ನಾಯೀನ ಎಲ್ಲಿಂದ ತಂದ್ರೋ ಅಲ್ಲಿಗೇ ವಾಪಸ್ ಬಿಡ್ತಾರೆ. ಅಂದ್ರೆ ನಿಮ್ಮ ಅಂಗಡಿ ಮುಂದೆಯೇ! ನಾಯೀನೂ ಉಳೀತು, ಮರ್ಯಾದೇನೂ ಉಳೀತು.”

“ನಿಜ ಹೇಳಿದ್ರೆ?” ಎಂದ ಟೈಲರ್.

“ಅಪರಾಧ ಒಪ್ಕೊಂಡ ಹಾಗೆ. ಕೋರ್ಟಿಗೆ ನಿಲ್ಲಬೇಕು. ನಾಯೀನ ಅವರೇ ವಶಕ್ಕೆ ತಗೋತಾರೆ, ನಿಮಗೆ ವಾಪಸ್ ಸಿಗೋದು ಕನಸು. ಎರಡೂ ಕಡೆ ನಷ್ಟ. ಯಾವ ಜಾಣ ಮಾಡ್ತಾನೆ ಭಾವ ಅದನ್ನ?”

“ನೀನೊಬ್ಬ ಜಾಣ ಇದೀಯಲ್ಲ, ಸಾಕು,” ಎಂದಳು ಅಕ್ಕ. ಅವನು ಪೆಚ್ಚಾಗಿ ಮೊಬೈಲು ನೋಡತೊಡಗಿದ. ಆದರೆ ಅವನ ಮಾತು ಟೈಲರನ ಕಿವಿಯಲ್ಲಿ ಉಳಿಯಿತು. ಉಂಡೆ ವಾಪಸ್ ಬರುತ್ತದೆ. ಈ ಸಲ ಚೆನ್ನಾಗಿ ನೋಡಿಕೊಂಡರಾಯಿತು. ಯಾರಿಗೇನು ನಷ್ಟ?

ಒಂದೂವರೆ ಗಂಟೆಯ ಮೇಲೆ ಡಾಕ್ಟರಮ್ಮ ಹೊರಬಂದರು, ಹಿಂದೆಯೇ ಇನ್‌ಸ್ಪೆಕ್ಟರ್. ಡಾಕ್ಟರಮ್ಮನ ಕೈಯಲ್ಲಿ ಸ್ಟೀಲಿನ ತಟ್ಟೆಯಿತ್ತು, ಅದರಲ್ಲಿ ಕತ್ತರಿಸಿ ತೆಗೆದ ಪಟ್ಟಿ. ತೊಳೆದಿದ್ದರು. ಅದು ಮಗುವಿನ ಮಣಿಕಟ್ಟಿಗೆ ಸರಿಹೋಗುವಷ್ಟಿತ್ತು. ಹೊಲಿಗೆಯ ಒಂದು ದಾರವೂ ಸಡಿಲವಾಗಿರಲಿಲ್ಲ. ಅಷ್ಟು ಅಚ್ಚುಕಟ್ಟಾದ ಕೆಲಸ. ಜೀವನದಲ್ಲಿ ಮೊದಲ ಸಲ ತನ್ನ ಹೊಲಿಗೆ ನೋಡಿ ಅವನಿಗೆ ಹೇಸಿಗೆಯಾಯಿತು.

“ಬದುಕುತ್ತೆ,” ಎಂದರು ಡಾಕ್ಟರಮ್ಮ. “ಆದರೆ ಒಂದೂವರೆ ತಿಂಗಳು ದಿನಾ ಡ್ರೆಸ್ಸಿಂಗ್ ಆಗಬೇಕು. ಎರಡು ದಿನ ತಪ್ಪಿದ್ರೂ ಹುಳ ಬೀಳುತ್ತೆ.”

ಇನ್‌ಸ್ಪೆಕ್ಟರ್ ಫಾರಂ ತೆಗೆದರು. “ಮಾಲೀಕರು ಯಾರು ಅಂತ ಗೊತ್ತಾ? ಗೊತ್ತಿಲ್ಲ ಅಂದ್ರೆ ಬೀದಿ ನಾಯಿ ಅಂತ ಬರೀತೀನಿ. ಹತ್ತು ದಿನಕ್ಕೆ ಗಾಯದ ಹೊಲಿಗೆ ಬಿಚ್ಚಿದ ಮೇಲೆ ತಂದ ಜಾಗದಲ್ಲೇ ಬಿಡ್ತೀವಿ. ಮುಂದೆ ಅದರ ಹಣೆಬರಹ. ಮಾಲೀಕರಿದ್ರೆ ಅದು ಬೇರೆ. ನಾವು ವಶಕ್ಕೆ ತಗೊಂಡು, ವಾಸಿ ಮಾಡಿ, ಬೇರೆ ಮನೆ ಹುಡುಕ್ತೀವಿ.”

“ಬೀದೀದೇ ಸಾರ್,” ಎಂದ ಭಾಮೈದ. “ನಮ್ಮ ಭಾವನೇ ದಿನಾ ಅನ್ನ ಹಾಕೋದು. ನೋಡ್ಕೋತಾರೆ ಬಿಡಿ.”

“ಹೌದಾ?” ಇನ್‌ಸ್ಪೆಕ್ಟರ್ ಟೈಲರನತ್ತ ತಿರುಗಿದರು. “ನೀವು ನೋಡ್ಕೋತೀರಾ?”

ಟೈಲರ್ ‘ಹೂಂ’ ಎನ್ನಲು ಬಾಯಿ ತೆರೆದ. ನೋಡ್ಕೋತೀನಿ. ಎಂಟು ತಿಂಗಳು ನೋಡಿಕೊಂಡದ್ದೇ ಆ ತಟ್ಟೆಯಲ್ಲಿತ್ತು. ಡ್ರೆಸ್ಸಿಂಗ್ ಎರಡು ದಿನ ಮಾಡುತ್ತೇನೆ, ಮೂರನೆಯ ದಿನ ಯಾರೋ ಅವಸರದ ಗಿರಾಕಿ ಬರುತ್ತಾರೆ. ತನ್ನನ್ನು ತಾನು ಅವನು ಅಷ್ಟು ಚೆನ್ನಾಗಿ ಎಂದೂ ಅರಿತಿರಲಿಲ್ಲ.

“ಇಲ್ಲ ಸಾರ್,” ಎಂದ. “ನನ್ನ ಕೈಲಿ ಆಗಲ್ಲ. ಅದು ನನ್ನದೇ ನಾಯಿ. ಈ ಪಟ್ಟಿ ಹೊಲಿದೋನು ನಾನೇ.”

“ಭಾವ!”

“ಸುಮ್ನಿರೋ. ಸಾರ್, ಬರ್ಕೊಳ್ಳಿ. ಓಡಿಹೋಗಬಾರದು ಅಂತ ಹೊಲಿದೆ. ಆಮೇಲೆ ಮುಟ್ಟಲಿಲ್ಲ.”

“ಮತ್ತೆ ನಾಯಿ ಸಾಕೋ ಹಾಗಿಲ್ಲ ಅಂತ ಕೋರ್ಟ್ ಹೇಳಬಹುದು, ಗೊತ್ತಿರಲಿ,” ಎಂದು ಇನ್‌ಸ್ಪೆಕ್ಟರ್ ಪೆನ್ನು ಕೊಟ್ಟರು. ಹೆಂಡತಿ ಗೋಡೆಯ ಕಡೆ ಮುಖ ಮಾಡಿ ನಿಂತಳು. ಟೈಲರ್ ಸಹಿ ಹಾಕಿದ. ಡಾಕ್ಟರಮ್ಮ ಬೈಯಲಿಲ್ಲ, ಬೆನ್ನೂ ತಟ್ಟಲಿಲ್ಲ.

ಐದನೆಯ ದಿನ ಆಸ್ಪತ್ರೆಯಿಂದ ಫೋನು ಬಂತು. ಆಶ್ರಯಕೇಂದ್ರದ ವ್ಯಾನು ಬಂದಿದೆ, ಉಂಡೆ ಯಾರ ಮಾತಿಗೂ ಹತ್ತುತ್ತಿಲ್ಲ, ಮೂಲೆ ಹಿಡಿದು ಕೂತಿದೆ. ಕುತ್ತಿಗೆಗೆ ಹಗ್ಗ ಹಾಕಿ ಎಳೆಯುವ ಹಾಗಿಲ್ಲ. ದಯವಿಟ್ಟು ಒಂದು ಸಲ ಬನ್ನಿ.

ಅವನು ಅರ್ಧ ಕತ್ತರಿಸಿದ ಬಟ್ಟೆ ಬಿಟ್ಟು ಹೋದ. ಕತ್ತಿಗೆಲ್ಲ ಬಿಳಿ ಬ್ಯಾಂಡೇಜು ಸುತ್ತಿದ್ದ ಉಂಡೆ ಅವನ ಚಪ್ಪಲಿಯ ಸದ್ದಿಗೇ ಎದ್ದು ನಿಂತಿತು. ತಲೆ ಎತ್ತಿತು. ಎಷ್ಟು ತಿಂಗಳ ಮೇಲೋ, ಅದು ಮುಖವೆತ್ತಿ ಅವನನ್ನು ನೋಡಿತು. ಬೊಗಳಿತು, ಕುಣಿಯಿತು, ಅವನ ಕೈಯನ್ನು ನೆಕ್ಕಿ ನೆಕ್ಕಿ ಒದ್ದೆ ಮಾಡಿತು. ಒಂದಿಷ್ಟಾದರೂ ಹಲ್ಲು ತೋರಿಸಬಾರದಿತ್ತೇ, ಒಂದು ಸಲ ಕಚ್ಚಿಬಿಡಬಾರದಿತ್ತೇ ಎಂದು ಅವನಿಗೆ ಅನ್ನಿಸಿತು.

“ಹತ್ತು ಮಗಾ,” ಎಂದ.

ಅವನೇ ಹೇಳಿದನಲ್ಲ, ಅದು ಒಂದೇ ನೆಗೆತಕ್ಕೆ ವ್ಯಾನು ಹತ್ತಿತು. ಹತ್ತಿ, ಪಕ್ಕಕ್ಕೆ ಸರಿದು, ಅವನಿಗೆ ಕೂರಲು ಜಾಗ ಬಿಟ್ಟು ನಿಂತಿತು.

ಡ್ರೈವರ್ ಬಾಗಿಲು ಹಾಕಿದ.